ಬಾಸ್, ಸ್ವಲ್ಪ ಜರುಗಿ

ಕೆಂಪೇಗೌಡ ರಸ್ತೆಯ ಮೇನ್ ಥಿಯೇಟರ್ ಮುಂದೆ ನಿಂತಿರುವ ಶ್ರೀಯುತ ಕಟೌಟ್ ಸಾಹೇಬರಿಗೆ,

ಈ ಪತ್ರ ನಟರಿಗಲ್ಲ, ತಮಗೇ. ನಟರು ಇವತ್ತು ರಸ್ತೆಯಲ್ಲಿ ಇರಲಿಲ್ಲ, ಇರುವುದೂ ಇಲ್ಲ. ಶುಕ್ರವಾರ ಬೆಳಿಗ್ಗೆ ಇಲ್ಲಿ ಕೈಗೆ ಸಿಗುವವರು ತಾವೊಬ್ಬರೇ.

ನಾನು ಬ್ಯಾಂಕಿಗೆ ಹೊರಟಿದ್ದೆ. ನವೆಂಬರ್ ಬಂತೆಂದರೆ ನಮ್ಮಂಥ ಪಿಂಚಣಿದಾರರು ತಾವಿನ್ನೂ ಬದುಕಿದ್ದೇವೆಂದು ಸರ್ಟಿಫಿಕೇಟ್ ಕೊಡಬೇಕು. ಫೋನಿನಲ್ಲೇ ಆಗುತ್ತದೆ ಅಂತಾರೆ. ಆ ಫೋನಿಗೆ ನನ್ನ ಮುಖ ಇನ್ನೂ ಒಪ್ಪಿಗೆಯಾಗಿಲ್ಲ. ಹಾಗಾಗಿ ಮೆಜೆಸ್ಟಿಕ್‌ನಲ್ಲಿ ಬಸ್ಸಿಳಿದು ಮೈಸೂರು ಬ್ಯಾಂಕ್ ಸರ್ಕಲ್ ಕಡೆಗೆ ನಡೆದೆ, ತಮ್ಮ ಪಾದದ ಬುಡದಲ್ಲಿ ಸಿಕ್ಕಿಕೊಂಡೆ. ಫುಟ್‌ಪಾತ್ ತುಂಬ ಸರ್ವೆ ಮರದ ಗಳ, ಹಗ್ಗ, ಕಬ್ಬಿಣದ ಪೈಪು. ರಸ್ತೆ ತುಂಬ ತಮಟೆ, ಪಟಾಕಿ, ಹುಡುಗರು. ಕೊರಳಿಗೆ ಶಾಲು ಸುತ್ತಿದ್ದ ಒಬ್ಬ, "ತಾತ, ಆ ಕಡೆಯಿಂದ ಹೋಗಿ, ಬಾಸ್‌ಗೆ ಅಭಿಷೇಕ ನಡೀತಿದೆ" ಅಂದ. ಆ ಕಡೆ ಅಂದರೆ ಬಸ್ಸುಗಳು ಬರುವ ಕಡೆ. ಹಾಲಿನಲ್ಲಿ ಜಾರದೆ, ಬಸ್ಸಿಗೆ ಸಿಗದೆ ಬ್ಯಾಂಕ್ ಮುಟ್ಟುವಷ್ಟರಲ್ಲಿ ಕೌಂಟರಿನ ಮೇಡಂ ಊಟಕ್ಕೆ ಎದ್ದಿದ್ದರು. ಅವರು ಬಂದಾಗ ಸರ್ವರ್ ಊಟಕ್ಕೆ ಹೋಗಿತ್ತು.

ಸದ್ಯ ದಾಖಲೆ ಪ್ರಕಾರ ನಾನು ಬದುಕಿರುವುದು ಖಾತ್ರಿಯಿಲ್ಲ. ತಮಗೆ ಉಸಿರೇ ಇಲ್ಲ, ಆದರೂ ಹಾಲು, ಕ್ರೇನಿನಲ್ಲಿ ಏರಿಸಿದ ಹಾರ, ಬೂದುಗುಂಬಳಕಾಯಿ, ಕರ್ಪೂರ. ತಮ್ಮನ್ನು ಯಾರೂ ಸರ್ಟಿಫಿಕೇಟ್ ಕೇಳುವುದಿಲ್ಲ.

ನನ್ನನ್ನು ಸಿನಿಮಾ ದ್ವೇಷಿ ಎಂದುಕೊಳ್ಳಬೇಡಿ. ಇದೇ ರಸ್ತೆಯಲ್ಲಿ ಬ್ಲ್ಯಾಕ್‌ನಲ್ಲಿ ಟಿಕೆಟ್ ಕೊಂಡವನು ನಾನು. 1972ರಲ್ಲಿ ಬಂದ 'ಬಂಗಾರದ ಮನುಷ್ಯ' ಇಲ್ಲಿನ ಸ್ಟೇಟ್ಸ್ ಟಾಕೀಸಿನಲ್ಲಿ ಎರಡು ವರ್ಷ ಓಡಿತು. ತಮ್ಮ ಸಿನಿಮಾ ಎರಡನೇ ಶುಕ್ರವಾರ ಕಂಡರೆ ಈಗ ಅದೇ ಜಯಂತ್ಯುತ್ಸವ. ತಮ್ಮ ವಂಶವನ್ನೂ ಬಲ್ಲೆ. ತಮ್ಮ ತಾತ ಪ್ಲೈವುಡ್ಡಿನವರು. ಅವರ ಮೀಸೆಯನ್ನು ಕಲಾವಿದನೊಬ್ಬ ಅಟ್ಟಣಿಗೆಯ ಮೇಲೆ ಕೂತು ಕುಂಚದಲ್ಲಿ ತಿದ್ದುತ್ತಿದ್ದ. ಕೆಳಗೆ ನಿಂತು ಬಾಯಿ ಬಿಟ್ಟುಕೊಂಡು ನೋಡುವುದೇ ನಮಗೊಂದು ಪುಕ್ಕಟೆ ಶೋ. ತಾವು ಫ್ಲೆಕ್ಸಿನವರು, ರಾತ್ರಿ ಪ್ರಿಂಟಾಗಿ ಬೆಳಿಗ್ಗೆ ಅವತರಿಸಿದವರು. ಆ ಕುಂಚದವನ ಅನ್ನ ಎಲ್ಲಿಗೆ ಹೋಯಿತೆಂದು ತಮ್ಮ ವಂಶ ಕೇಳಲಿಲ್ಲ.

ಡಾ. ರಾಜ್‌ಕುಮಾರ್ ಅಭಿಮಾನಿಗಳನ್ನು ದೇವರು ಅಂತ ಕರೆದರು. ಹಾಗಾದರೆ ಇವತ್ತು ನಾನು ನೋಡಿದ್ದು ಏನು? ದೇವರೇ ಬೆವರು ಸುರಿಸಿಕೊಂಡು ಗಳ ಹತ್ತಿ ಭಕ್ತನ ಪಟಕ್ಕೆ ಹಾಲು ಹುಯ್ಯುತ್ತಿದ್ದರು. ಯಾವ ಆಗಮದಲ್ಲಿ ಇದಕ್ಕೆ ವಿಧಿ ಇದೆಯೋ, ತಿಳಿದವರು ಹೇಳಬೇಕು.

ತಮ್ಮ ಬೆನ್ನ ಹಿಂದೆ ಏನು ನಡೆಯುತ್ತಿದೆ ಗೊತ್ತೇ? ತಿರುಗಿ ನೋಡಲು ತಮಗೆ ಹಿಂಭಾಗವೇ ಇಲ್ಲ, ನಾನೇ ಹೇಳುತ್ತೇನೆ. ಧರ್ಮಾಂಬುಧಿ ಕೆರೆ ಹೋಗಿ ಬಸ್ ನಿಲ್ದಾಣವಾಯಿತು, ಅದು ಹಳೆಯ ಕಥೆ. ಈ ಬಡಾವಣೆಗೆ ತನ್ನ ಹೆಸರು ಕೊಟ್ಟ ಮೆಜೆಸ್ಟಿಕ್ ಟಾಕೀಸೇ ಇಲ್ಲ. ಅಲಂಕಾರ್ ಅಂಗಡಿ ಸಂಕೀರ್ಣವಾಯಿತು. ಹಿಮಾಲಯ, ಗೀತಾ, ಕೆಂಪೇಗೌಡ ಹೋದವು. 1968ರಲ್ಲಿ ಬಾಗಿಲು ತೆರೆದ ಕಪಾಲಿ, ಅದರ ಪರದೆ ನೋಡಲೆಂದೇ ಊರಿಂದ ನೆಂಟರು ಬರುತ್ತಿದ್ದರು, 2017ರಲ್ಲಿ ಪ್ರದರ್ಶನ ನಿಲ್ಲಿಸಿತು, ಆಮೇಲೆ ಕಟ್ಟಡವನ್ನೇ ಒಡೆದರು. ಸಿಂಗಲ್ ಸ್ಕ್ರೀನ್‌ಗಳು ಇಲ್ಲಿ ಬಹುಕಾಲ ವಾರದ ಬಾಡಿಗೆಯ ಮೇಲೆ ನಡೆದವು. ಸಿನಿಮಾ ಓಡಲಿ ಬಿಡಲಿ, ಹಾಕಿದವನು ಬಾಡಿಗೆ ಕಟ್ಟಬೇಕು. ದೊಡ್ಡ ನಟರು ಎರಡು ಮೂರು ವರ್ಷಕ್ಕೊಂದು ಸಿನಿಮಾ ಕೊಟ್ಟರೆ ಉಳಿದ ವಾರಗಳ ಬಾಡಿಗೆ ಯಾರು ಕಟ್ಟಬೇಕು? ಹೀಗೇ ನಡೆದರೆ ಒಂದು ದಿನ ತಾವು ಯಾವುದೋ ಮಾಲ್ ಎದುರು, ಒಳಗೆ ಹೋಗಲು ಬಿಡದ ಸೆಕ್ಯೂರಿಟಿಯವನ ಪಕ್ಕ ನಿಲ್ಲಬೇಕಾಗುತ್ತದೆ. ಅವನು ಸರ್ಟಿಫಿಕೇಟ್ ಕೇಳಿಯೇ ಕೇಳುತ್ತಾನೆ.

ಇಷ್ಟರವರೆಗೆ ತಮಾಷೆ. ಬರೆಯಲು ಕೂತಾಗಿನಿಂದ ತಲೆಯಲ್ಲಿ ಕೊರೆಯುತ್ತಿರುವುದು ಆ ಗಳ ಹತ್ತಿದ್ದ ಹುಡುಗ. ಹದಿನೆಂಟೋ ಹತ್ತೊಂಬತ್ತೋ ಇರಬೇಕು. ಚಪ್ಪಲಿ ಕೆಳಗೆ ಬಿಟ್ಟಿದ್ದ. ಒಂದು ಕೈಯಲ್ಲಿ ಹಾಲಿನ ಕೊಡಪಾನ, ಇನ್ನೊಂದು ಕೈ ತಮ್ಮ ಕಿವಿಯ ಮೇಲೆ. ಸೊಂಟಕ್ಕೆ ಹಗ್ಗ ಇಲ್ಲ. ಎದುರಿಗೇ ತಂತಿಗಳು. ಕೆಳಗಿದ್ದವರು ಸಿಳ್ಳೆ ಹೊಡೆಯುತ್ತಿದ್ದರು, ವಿಡಿಯೋ ಮಾಡುತ್ತಿದ್ದರು. ಪೊಲೀಸಿನವರು ವಾಹನಗಳನ್ನು ಆಚೆ ಕಳಿಸುವುದರಲ್ಲಿದ್ದರು.

2024ರ ಜನವರಿಯಲ್ಲಿ ಗದಗ ಜಿಲ್ಲೆಯ ಸೂರಣಗಿಯಲ್ಲಿ ನಟ ಯಶ್ ಹುಟ್ಟುಹಬ್ಬಕ್ಕೆ ಬ್ಯಾನರ್ ಕಟ್ಟಲು ಹೋದ ಮೂವರು ಹುಡುಗರು ವಿದ್ಯುತ್ ತಗುಲಿ ಸತ್ತರು. ನಟರು ಆ ಮನೆಗಳಿಗೆ ಹೋದರು, ಇಂಥ ಅಭಿಮಾನ ಬೇಡ ಎಂದು ಹೇಳಿದರು. ಯಾರಿಗೆ ಕೇಳಿಸಿತು? ಇವತ್ತಿನ ಈ ಹುಡುಗನಿಗೆ ಕೇಳಿಸಿಲ್ಲ. ತಮ್ಮನ್ನು ನಿಲ್ಲಿಸಲು ದುಡ್ಡು ಕೊಟ್ಟವರಿಗೂ ಕೇಳಿಸಿಲ್ಲ. ಹೈಕೋರ್ಟ್ ಗದರಿದ ಮೇಲೆ 2018ರಲ್ಲಿ ಪಾಲಿಕೆ ಬೆಂಗಳೂರಿನ ಫ್ಲೆಕ್ಸುಗಳನ್ನೆಲ್ಲ ಕಿತ್ತು ಹಾಕಿತ್ತು, ಕೆಲವು ದಿನ ಈ ಊರಲ್ಲಿ ಮರ ಕಂಡಿತು, ಮೋಡ ಕಂಡಿತು. ಮತ್ತೆ ಎಲ್ಲ ಮೊದಲಿನಂತೆ. ಅನುಮತಿ ಯಾರು ಕೊಟ್ಟರು? ಗಳ ಕಟ್ಟಿದ ಗುತ್ತಿಗೆ ಯಾರದು? ಆ ಹುಡುಗ ಬಿದ್ದಿದ್ದರೆ ಯಾರ ಹೆಸರಿಗೆ ಕೇಸು? ಯಾರ ಹೆಸರಿಗೂ ಇಲ್ಲ. ಅಭಿಮಾನದ ಅತಿರೇಕ ಎಂದು ಒಂದು ಸಾಲು ಬರೆದು ಮುಗಿಸುತ್ತಾರೆ. ಅತಿರೇಕ ಅವನದಂತೆ! ಅವನನ್ನು ಮೇಲಕ್ಕೆ ಹತ್ತಿಸಿ, ಆ ವಿಡಿಯೋವನ್ನೇ ಪ್ರಚಾರಕ್ಕೆ ಹಾಕಿಕೊಂಡು, ಮೊದಲ ದಿನದ ಕಲೆಕ್ಷನ್ ಎಣಿಸುವವರದು ಏನಂತೆ? ವ್ಯಾಪಾರವೇ? ನಾಚಿಕೆಯಾಗಬೇಕು.

ನಾಚಿಕೊಳ್ಳಲು ತಮಗೆ ಆಗುವುದಿಲ್ಲ, ಬಣ್ಣ ಮೊದಲೇ ಪ್ರಿಂಟಾಗಿದೆ. ಅದಕ್ಕೇ ತಮ್ಮ ಯಜಮಾನರಿಗೆ ಇಷ್ಟು ತಲುಪಿಸಿ. ತಮ್ಮನ್ನು ನಿಲ್ಲಿಸಲೇಬೇಕಿದ್ದರೆ ಟಾಕೀಸಿನ ಕಾಂಪೌಂಡಿನೊಳಗೆ, ನೆಲದಿಂದ ಆಳೆತ್ತರಕ್ಕೆ ನಿಲ್ಲಿಸಲಿ. ಹಾಲು ಹುಯ್ಯಲು ಯಾರೂ ಏರಬೇಕಾಗಿಲ್ಲ, ಜನ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳಬಹುದು. ಮಿಕ್ಕ ದುಡ್ಡಿನಲ್ಲಿ ಒಳಗಿನ ಶೌಚಾಲಯದ ಬಾಗಿಲಿಗೆ ಒಂದು ಚಿಲಕ ಹಾಕಿಸಲಿ. ಆ ಚಿಲಕಕ್ಕೆ ಬೇಕಾದರೆ ನಾನೇ ಹಾಲೆರೆಯುತ್ತೇನೆ.

ಇಂತಿ,
ದಾಖಲೆಗಳ ಪ್ರಕಾರ ಬಾಕಿ ಇರುವ ಒಬ್ಬ ಪ್ರೇಕ್ಷಕ

ವಿ.ಸೂ.: ಸೋಮವಾರ ಬ್ಯಾಂಕಿಗೆ ಮತ್ತೆ ಬರುತ್ತಿದ್ದೇನೆ. ತಮ್ಮ ಸಿನಿಮಾ ಅಷ್ಟರವರೆಗೂ ಇದ್ದರೆ ಮ್ಯಾಟಿನಿಗೆ ಟಿಕೆಟ್ ತಗೊಂಡೇ ನೋಡುತ್ತೇನೆ. ಈ ಪತ್ರಕ್ಕೆ ಉತ್ತರವನ್ನು ಅಂಚೆಯಲ್ಲಿ ಕಳಿಸಿದರೆ ಸಾಕು, ಅಭಿಮಾನಿ ಸಂಘದ ಹುಡುಗರ ಕೈಯಲ್ಲಿ ಬೇಡ.