ಇ-ರೀಡರ್ ನಿರ್ಣಯ ಚಂದ್ರಿಕೆ

ಅರ್ಥಾತ್, ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ಎಂಬ ನಾಲ್ಕು ತಾಲ್ಲೂಕುಗಳ ವಿರಾಮ ಓದುಗರು ಯಾವ ಇ-ರೀಡರ್ ಕೊಳ್ಳತಕ್ಕದ್ದು, ಯಾವುದು ಕೊಳ್ಳತಕ್ಕದ್ದಲ್ಲ ಎಂಬುದರ ಸಪ್ರಮಾಣ ವಿಚಾರ

1. ಉಪೋದ್ಘಾತ

ಧಾರವಾಡ ಜಿಲ್ಲೆಯನ್ನು ಕುರಿತ ಶಾಸ್ತ್ರಗಳು ಪೇಢೆ, ಮಳೆ, ಎಮ್ಮೆ, ಸಾಹಿತಿ ಎಂಬ ನಾಲ್ಕೇ ಪದಾರ್ಥಗಳನ್ನು ಒಪ್ಪುತ್ತವೆ. ಪೇಢೆ ತಿನ್ನಲು ಬರುತ್ತದೆ, ಎಮ್ಮೆ ಹಿಂಡಲು ಬರುತ್ತದೆ, ಮಳೆ ಬಂದರೆ ಬರುತ್ತದೆ. ಸಾಹಿತಿಯನ್ನು ಮಾತ್ರ ಓದಬೇಕಾಗುತ್ತದೆ. ಯಾವುದರಲ್ಲಿ ಓದಬೇಕು ಎಂಬಲ್ಲಿ ಪೂರ್ವಸೂರಿಗಳೆಲ್ಲ ಮೌನ ತಾಳಿದ್ದಾರೆ. ಆ ಕೊರತೆಯನ್ನು ನೀಗಲೆಂದೇ ಈ ಗ್ರಂಥ.

ಗ್ರಂಥವೆಂದ ಮೇಲೆ ವಿಷಯ, ಸಂಬಂಧ, ಪ್ರಯೋಜನ, ಅಧಿಕಾರಿ ಎಂಬ ನಾಲ್ಕು ಅಂಗ ಇರಲೇಬೇಕು. ವಿಷಯ: ಇ-ರೀಡರ್. ಸಂಬಂಧ: ಬ್ಯಾಂಕಿನ ಕಂತು. ಪ್ರಯೋಜನ: ಫಲಶ್ರುತಿಯಲ್ಲಿ ಹೇಳಲಾಗುವುದು. ಅಧಿಕಾರಿ ಯಾರೆಂಬುದು ಅಷ್ಟು ಸುಲಭವಲ್ಲ, ಅದಕ್ಕೊಂದು ಪ್ರಕರಣವೇ ಬೇಕು.

2. ಅಧಿಕಾರಿ ಪ್ರಕರಣ

ಸೂತ್ರ: ವಿರಾಮವುಳ್ಳವನೇ ಅಧಿಕಾರಿ.

ಭಾಷ್ಯ: ವಿರಾಮ ಎರಡು ಬಗೆ. ಎರಿ ಹೊಲದ ಹಿಂಗಾರಿ ಜೋಳ, ಕಡಲೆ, ಕುಸುಬಿಯ ರಾಶಿ ಮುಗಿದ ಮೇಲೆ ಮುಂಗಾರಿ ಹಸಿಯಾಗುವ ತನಕ ಸಿಗುವುದು ದೀರ್ಘ ವಿರಾಮ. ಹುಬ್ಬಳ್ಳಿ ಬಸ್ಸಿನಲ್ಲಿ ಕಿಟಕಿ ಸೀಟು ಹಿಡಿದ ನೌಕರನಿಗೆ ಸಿಗುವುದು ಹ್ರಸ್ವ ವಿರಾಮ. ಬಾಗಿಲ ಬಳಿ ಜೋತುಬಿದ್ದವನಿಗೆ ಎರಡೂ ಇಲ್ಲವಾದ್ದರಿಂದ ಅವನನ್ನು ಈ ಶಾಸ್ತ್ರ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಇಲ್ಲೊಂದು ಸೂಕ್ಷ್ಮವಿದೆ. ಹಳ್ಳಿಯಲ್ಲಿ ಹಗಲು ಹೊತ್ತು ಪುಸ್ತಕ ಹಿಡಿದು ಕೂತವನು ಕೆಲಸವಿಲ್ಲದವನು, ಫೋನು ಹಿಡಿದು ಕೂತವನು ಏನೋ ಕೆಲಸದಲ್ಲಿ ಇರುವವನು. ಮೊದಲನೆಯವನಿಗೆ "ಖಾಲಿ ಕುಂತಿಯಲ್ಲ, ಗಿರಣಿಗೆ ಹೋಗಿ ಹಿಟ್ಟ ಹಾಕಿಸ್ಕೊಂಡ ಬಾ" ಎನ್ನುತ್ತಾರೆ. ಎರಡನೆಯವನಿಗೆ ಚಹಾ ತಂದುಕೊಡುತ್ತಾರೆ. ಇ-ರೀಡರ್ ಹಿಡಿದವನು ಯಾವ ಜಾತಿಯವನೆಂದು ಮನೆಯವರಿಗೆ ಗೊತ್ತಾಗಲು ಸುಮಾರು ಹದಿನೈದು ದಿನ ಹಿಡಿಯುತ್ತದೆ. ಅಷ್ಟರಲ್ಲಿ ಒಂದು ದಪ್ಪ ಕಾದಂಬರಿ ಮುಗಿದಿರುತ್ತದೆ. ಯಂತ್ರದ ಗುಣಗಳಲ್ಲಿ ಇದೇ ಪ್ರಧಾನ. ತಯಾರಕರು ಇದನ್ನು ಪೆಟ್ಟಿಗೆಯ ಮೇಲೆ ಅಚ್ಚು ಹಾಕಿಸಿಲ್ಲವೆಂಬುದು ಅವರ ಅಜ್ಞಾನ.

3. ಪೂರ್ವಪಕ್ಷ

ಹೊಸ ಯಂತ್ರವನ್ನು ಮೊದಲು ಅಗಸಿ ಕಟ್ಟೆಯ ಪಂಡಿತಸಭೆಯ ಮುಂದೆ ಇಡುವುದು ಸಂಪ್ರದಾಯ. ವಾದ ಹೀಗೆ ಸಾಗುತ್ತದೆ:

"ಇದೇನೋ ತಮ್ಮಾ, ಟ್ಯಾಬ್ ಏನು?"

"ಅಲ್ರಿ ಅಜ್ಜಾರ, ಬರೇ ಪುಸ್ತಕ ಓದೂದು."

"ಫೋನ್ ಬರ್ತಾವೇನು?"

"ಇಲ್ರಿ."

"ಫೋನ್‌ಪೇ?"

"ಇಲ್ರಿ."

"ಸಿನಿಮಾ?"

"ಅದೂ ಇಲ್ರಿ. ಬಣ್ಣಾನೂ ಇಲ್ಲ, ಕಪ್ಪು-ಬಿಳಿ."

"ಎಷ್ಟ ಕೊಟ್ಟಿ?"

"ಹದಿನೇಳ ಸಾವಿರ."

"ಅಲ್ಲೋ, ಇಷ್ಟೆಲ್ಲಾ ಇಲ್ಲದ್ದಕ್ಕ ಹದಿನೇಳ ಸಾವಿರಾ?"

ಈ ಆಕ್ಷೇಪವನ್ನು ಹಗುರಾಗಿ ಕಾಣಬಾರದು. ವೈಶೇಷಿಕರು ದ್ರವ್ಯ, ಗುಣ ಮೊದಲಾದ ಆರು ಪದಾರ್ಥಗಳ ಸಾಲಿಗೆ ಅಭಾವವನ್ನು ಏಳನೆಯದಾಗಿ ಸೇರಿಸಿದರು. ಆದರೆ ಅಭಾವಕ್ಕೆ ಬೆಲೆ ಕಟ್ಟಿ, ಡಬ್ಬಿಗೆ ಹಾಕಿ, ಮನೆಬಾಗಿಲಿಗೆ ಕಳಿಸಿದ ಕೀರ್ತಿ ಅಮೆಜಾನಿನದು. 2007ರ ನವೆಂಬರಿನಲ್ಲಿ ಮೊದಲ ಕಿಂಡಲ್ ಬಂದಾಗಿನಿಂದ ಅದು ಮಾರುತ್ತಿರುವುದು ಇದನ್ನೇ. ಕತೆ ರಂಗೇರುವ ಹೊತ್ತಿಗೆ ಬೀಗರ ಗ್ರೂಪಿನಿಂದ ಗುಲಾಬಿ ಹೂವಿನ "ಶುಭೋದಯ" ಬಾರದಿರುವುದು ಎಷ್ಟು ಬೆಲೆಬಾಳುತ್ತದೆಂದು ಆ ಗ್ರೂಪಿನಲ್ಲಿ ಇದ್ದವರೇ ಬಲ್ಲರು.

4. ಸ್ವರೂಪ ಪ್ರಕರಣ

ಫೋನಿನ ಪರದೆ ತಾನೇ ಬೆಳಕು ಉಗುಳುತ್ತದೆ. ಇ-ಇಂಕ್ ಪರದೆ ಕಾಗದದ ಹಾಗೆ ಬಿದ್ದ ಬೆಳಕನ್ನು ತಿರುಗಿಸುತ್ತದೆ. ಅಮೆರಿಕದ ಎಂಐಟಿಯಲ್ಲಿ ಹುಟ್ಟಿ 1997ರಲ್ಲಿ ಕಂಪನಿಯಾದ ಈ ವಿದ್ಯೆಯಲ್ಲಿ ಕೂದಲೆಳೆ ಗಾತ್ರದ ಗುಳಿಗೆಗಳು ಲಕ್ಷಗಟ್ಟಲೆ ಇರುತ್ತವೆ. ಪ್ರತಿ ಗುಳಿಗೆಯೊಳಗೆ ಬಿಳಿ ಕಣ, ಕಪ್ಪು ಕಣ, ಒಂದಕ್ಕೊಂದು ವಿರುದ್ಧ ವಿದ್ಯುದಂಶ. ಪುಟ ತಿರುವಿದಾಗ ಬೇಕಾದವು ಮೇಲೆ ಬರುತ್ತವೆ, ಉಳಿದವು ಕೆಳಗೆ ಕೂರುತ್ತವೆ, ಮುಂದಿನ ಪುಟದ ತನಕ ಕೂತಲ್ಲೇ ಇರುತ್ತವೆ. ಕರೆಂಟು ಖರ್ಚಾಗುವುದು ಮುಖ್ಯವಾಗಿ ಕೂತವರನ್ನು ಎಬ್ಬಿಸುವಾಗ ಮಾತ್ರ. ಹಾಗಾಗಿ ಒಮ್ಮೆ ಚಾರ್ಜು ಮಾಡಿದರೆ ವಾರಗಟ್ಟಲೆ ಬರುತ್ತದೆ. ಗ್ರಾಮಸಭೆಗೆ ಹೋಗಿ ಬಂದವರಿಗೆ ಈ ತತ್ತ್ವವನ್ನು ಬಿಡಿಸಿ ಹೇಳಬೇಕಾಗಿಲ್ಲ.

5. ಮತ ಚತುಷ್ಟಯ

ನವಲಗುಂದದ ಬಿಸಿಲುವಾದಿಗಳು: ಇವರು ಪ್ರತ್ಯಕ್ಷ ಪ್ರಮಾಣವನ್ನಷ್ಟೇ ಒಪ್ಪುತ್ತಾರೆ. ಎರಿ ಬಯಲಿನಲ್ಲಿ ನೆರಳೆಂದರೆ ಒಂದು ಜಾಲಿಗಿಡ, ಇಲ್ಲವೇ ಬಸ್ ಸ್ಟ್ಯಾಂಡು. ಅಲ್ಲಿ ಮಧ್ಯಾಹ್ನ ಫೋನು ತೆರೆದರೆ ಓದುಗನಿಗೆ ಕಾಣುವುದು ತನ್ನ ಮುಖ. ಇದು ಆತ್ಮಜ್ಞಾನಕ್ಕೆ ಸಾಧನ, ಕಾದಂಬರಿಗಲ್ಲ. ಇ-ಇಂಕ್ ಆದರೋ ಬಿಸಿಲು ಏರಿದಷ್ಟೂ ಸ್ಪಷ್ಟ. ಐಪ್ಯಾಡನ್ನು 0ಯಿಂದ 35 ಡಿಗ್ರಿ ಸೆಲ್ಸಿಯಸ್ ಒಳಗೆ ಬಳಸಬೇಕೆಂದು ಅದನ್ನು ಮಾಡಿದವರೇ ಬರೆದಿದ್ದಾರೆ. ಅಂದರೆ ಏಪ್ರಿಲ್ ಮಧ್ಯಾಹ್ನ ನವಲಗುಂದ ಐಪ್ಯಾಡಿನ ಸರಹದ್ದಿನಾಚೆ. ಆದರೂ ಭೌಗೋಳಿಕ ಸೂಚಕ ಪಡೆದ ಜಮಖಾನೆ ನೇಯುವ ಊರಿಗೆ ಹದಿನಾರು ಛಾಯೆಯ ಬೂದು ಸಾಲದು. ಬಣ್ಣದ ಇ-ಇಂಕ್ ಬಂದಿದೆಯಲ್ಲ ಎಂದರೆ, ಕಪ್ಪು ಅಕ್ಷರಕ್ಕೆ ಇಂಚಿಗೆ 300 ಚುಕ್ಕಿ ಕೊಡುವ ಆ ಪರದೆ ಬಣ್ಣಕ್ಕೆ ಬಂದಾಗ 150ಕ್ಕೆ ಇಳಿಯುತ್ತದೆ. "ಅರ್ಧಾ ನೂಲಿನ ಜಮಖಾನಿ ಯಾರ ತಗೋತಾರ?" ಎಂಬುದು ಈ ಮತದ ಅಂತಿಮ ವಾಕ್ಯ.

ಕಲಘಟಗಿಯ ಬಾಳಿಕೆವಾದಿಗಳು: ಮಲೆನಾಡಿನ ಸೆರಗಿನಲ್ಲಿ ಇರುವ ಇವರಿಗೆ ಮಳೆಗಾಲದ ಬೂಸಲು ಮುಖ್ಯ ಪ್ರಮೇಯ. 2018ರಿಂದೀಚೆಯ ಕಿಂಡಲ್ ಪೇಪರ್‌ವೈಟ್ ಎರಡು ಮೀಟರ್ ಸಿಹಿನೀರಿನಲ್ಲಿ 60 ನಿಮಿಷ ಮುಳುಗಿದರೂ ಜೀವ ಬಿಡದೆಂದು ತಯಾರಕರ ವಾಗ್ದಾನ. ಇದಕ್ಕೆ ನವಲಗುಂದದವರ ಖಂಡನೆ: ಬೆಣ್ಣಿಹಳ್ಳ ಬಂದಾಗ ಅದು ಎರಡೇ ಮೀಟರ್ ಬರುವುದಿಲ್ಲ, ಗಂಟೆಗೆ ಇಳಿಯುವುದಿಲ್ಲ, ಒಯ್ದದ್ದನ್ನು ವಾರಂಟಿ ನೋಡಿ ತಿರುಗಿ ಕೊಡುವುದಿಲ್ಲ. ಕಲಘಟಗಿಯವರದೇ ಇನ್ನೊಂದು ತಕರಾರು ಬಲವಾದದ್ದು. ಅವರೂರಿನ ಅರಗಿನ ಬಣ್ಣದ ತೊಟ್ಟಿಲಲ್ಲಿ ಅಜ್ಜ ಮಲಗಿರುತ್ತಾನೆ, ಮೊಮ್ಮಗ ಮಲಗುತ್ತಾನೆ, ನಡುವೆ ಬಂಧುಗಳ ಮನೆಗೆಲ್ಲ ಅದು ತಿರುಗಿ ಬಂದಿರುತ್ತದೆ. ಇ-ರೀಡರಿನ ಬ್ಯಾಟರಿಯಾದರೋ ಸಾಮಾನ್ಯವಾಗಿ ಒಳಗೇ ಕೂಡಿಸಿದ್ದು. ಸಾಲದ್ದಕ್ಕೆ, ಕೊಂಡ ಪುಸ್ತಕವನ್ನು ಕಂಪ್ಯೂಟರಿಗೆ ಇಳಿಸಿ ತಂತಿಯಿಂದ ಕಿಂಡಲಿಗೆ ಹಾಕುವ ದಾರಿಯನ್ನು 2025ರ ಫೆಬ್ರುವರಿ 26ಕ್ಕೆ ಅಮೆಜಾನ್ ಮುಚ್ಚಿತು. ಮರ ನಮ್ಮದು, ಹಗ್ಗ ಮಾರಿದವನದು ಎಂದರೆ ಕೂಸನ್ನು ಯಾರು ಮಲಗಿಸುತ್ತಾರೆ?

ಕುಂದಗೋಳದ ಶ್ರವಣವಾದಿಗಳು: ಗಾಯಕ ಸವಾಯಿ ಗಂಧರ್ವರ (1886–1952) ಊರಿನವರು ಕಣ್ಣನ್ನು ಅಷ್ಟಾಗಿ ನಂಬುವುದಿಲ್ಲ. ಓದುವುದೆಂದರೆ ಶ್ರಾವಣದಲ್ಲಿ ಒಬ್ಬರು ಪುರಾಣ ಓದುವುದು, ಒಬ್ಬರು ಅರ್ಥ ಹೇಳುವುದು, ಉಳಿದವರು ಕೇಳುವುದು, ಹಿಂದಿನ ಸಾಲಿನವರು ತೂಕಡಿಸುವುದು. ಆರಿಂಚಿನ ಪರದೆಗೆ ಇಣುಕಬಹುದಾದವರು ಹೆಚ್ಚೆಂದರೆ ಇಬ್ಬರು. ಈಚಿನ ಪೇಪರ್‌ವೈಟಿಗೆ ಸ್ಪೀಕರೂ ಇಲ್ಲ, ಬ್ಲೂಟೂತ್ ಹಚ್ಚಿ ಕಿವಿಗೆ ಸಿಕ್ಕಿಸಿಕೊಳ್ಳಬೇಕು. ತಾನೊಬ್ಬನೇ ಕೇಳುವ ಹಾಡಿಗೆ "ವಾಹ್" ಎನ್ನುವವರು ಯಾರು ಎಂಬ ಇವರ ಪ್ರಶ್ನೆಗೆ ಯಾವ ಕಂಪನಿಯೂ ಉತ್ತರಿಸಿಲ್ಲ.

ಅಣ್ಣಿಗೇರಿಯ ಅಕ್ಷರವಾದಿಗಳು: ಪಂಪನ ಹುಟ್ಟೂರೆಂಬ ಪ್ರತೀತಿ ಇವರ ಬೆನ್ನಿಗಿದೆ. 941ರ ಸುಮಾರಿಗೆ ಮುಗಿದ ಕಾವ್ಯವನ್ನು ಯಂತ್ರ ತಪ್ಪಿಲ್ಲದೆ ತೋರಿಸಲಿ, ಆಮೇಲೆ ರೇಟು ಮಾತಾಡೋಣ ಎನ್ನುತ್ತಾರೆ. ಹಳಗನ್ನಡದ ೞ ಅಕ್ಷರಕ್ಕೆ ಯೂನಿಕೋಡ್‌ನಲ್ಲಿ 0ಸಿಡಿಇ ಎಂಬ ಮನೆ ನಂಬರ್ ಇದೆ. ಆದರೆ ಬಾಗಿಲ ಮೇಲಿನ ಹೆಸರು "ಕನ್ನಡ ಲೆಟರ್ ಎಫ್‌ಎ". ಎಂದೋ ಆದ ತಪ್ಪು. ಒಮ್ಮೆ ಇಟ್ಟ ಹೆಸರನ್ನು ಬದಲಿಸಕೂಡದೆಂಬುದು ಯೂನಿಕೋಡಿನ ಕಟ್ಟಳೆಯಾದ್ದರಿಂದ ಅದು ಹಾಗೇ ಉಳಿದಿದೆ, ಪಕ್ಕದಲ್ಲಿ ಸರಿಯಾದ ಅಡ್ಡಹೆಸರು ಬರೆದಿದ್ದಾರೆ. ರೇಷನ್ ಕಾರ್ಡಿನಲ್ಲಿ ಅಪ್ಪನ ಹೆಸರು ತಪ್ಪಾದವರಿಗೆ ಇದು ಹೊಸದೇನಲ್ಲ. ಹಳಗನ್ನಡ ಹೋಗಲಿ, ಅಂಗಡಿಯಲ್ಲೇ "ರಾಷ್ಟ್ರ, ಸ್ತ್ರೀ, ಸೂರ್ಯ, ಸ್ವಾತಂತ್ರ್ಯ" ಎಂದು ಬರೆದ ಕಡತವೊಂದನ್ನು ತೆರೆದು ನೋಡಬೇಕೆಂಬುದು ಇವರ ವಿಧಿ. "ರಾಷ್‌ಟ್‌ರ" ಎಂದು ಒತ್ತಕ್ಷರಗಳು ಪಾಲು ಹಂಚಿಕೊಂಡ ಅಣ್ಣತಮ್ಮಂದಿರಂತೆ ಬೇರೆಬೇರೆ ನಿಂತರೆ ಯಂತ್ರವನ್ನು ಅಲ್ಲೇ ಬಿಟ್ಟು ಬರತಕ್ಕದ್ದು. ಯೂನಿಕೋಡಿಗೆ ಬದಲಿಸದ ಹಳೆಯ "ನುಡಿ" ತಂತ್ರಾಂಶದ ಕಡತವನ್ನು ತೆರೆದರಂತೂ ನಾಯಕಿಯ ವರ್ಣನೆಯೆಲ್ಲ ಇಂಗ್ಲಿಷ್ ಅಕ್ಷರದ ಬೈಗುಳವಾಗಿ ಕಾಣುತ್ತದೆ.

6. ಗ್ರಂಥಸ್ಥಾನ ಪ್ರಕರಣ

ನಾಲ್ಕೂ ಮತದವರು ಪರದೆ, ಬ್ಯಾಟರಿ, ನೀರು ಎಂದು ಬಡಿದಾಡುತ್ತಿರುವಾಗ ಯಾರೂ ಕೇಳದ ಪ್ರಶ್ನೆಯೊಂದಿದೆ: ಓದಬೇಕಾದ ಪುಸ್ತಕ ಎಲ್ಲಿದೆ? ಜಿಲ್ಲೆಯ ಓದುಗನಿಗೆ ಯಂತ್ರ ನಿರ್ಣಯವಾಗುವುದು ಇಲ್ಲೇ.

2016ರ ಡಿಸೆಂಬರಿನಲ್ಲಿ ಕಿಂಡಲ್ ಅಂಗಡಿ ಭಾರತೀಯ ಭಾಷೆಗಳಿಗೆ ಬಾಗಿಲು ತೆರೆಯಿತು. ಒಳಗೆ ಹೋದವು ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ. ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಹೊರಗುಳಿದ ಕನ್ನಡ ಸುಮ್ಮನೆ ಕೂರದೆ ಮೈಲ್ಯಾಂಗ್, ಋತುಮಾನದಂಥ ತನ್ನವೇ ಆ್ಯಪ್‌ಗಳನ್ನು ಕಟ್ಟಿಕೊಂಡಿತು. ಅವು ಇರುವುದು ಫೋನಿನಲ್ಲಿ. ಹೀಗಾಗಿ ಹದಿನೇಳು ಸಾವಿರದ ಯಂತ್ರದಲ್ಲಿ ಸಿಗದ ಹೊಸ ಕನ್ನಡ ಕಾದಂಬರಿ, ಕಟ್ಟೆಯ ಅಜ್ಜಾರ ಮೊಮ್ಮಗನ ಒಡೆದ ಗಾಜಿನ ಫೋನಿನಲ್ಲಿ ಸಿಗುತ್ತದೆ.

ಹಳೆಯ ಪುಸ್ತಕಗಳ ಕತೆ ಬೇರೆ. ಇಂಟರ್ನೆಟ್ ಆರ್ಕೈವ್‌ನಲ್ಲಿ ಸ್ಕ್ಯಾನ್ ಆದ ಕನ್ನಡ ಪುಸ್ತಕಗಳು ರಾಶಿ ರಾಶಿ ಇವೆ, ಆದರೆ ಅವು ಪಿಡಿಎಫ್ ಚಿತ್ರಗಳು, ಅಕ್ಷರ ಹಿಗ್ಗಿಸಿದರೆ ಸಾಲು ಹೊಂದಿಕೊಳ್ಳುವುದಿಲ್ಲ. ಕನ್ನಡದ ರೂಢಿಯ 1/8 ಡೆಮಿ ಪುಟ ಸುಮಾರು 5.5 ಇಂಚು ಅಗಲ, 8.5 ಇಂಚು ಎತ್ತರ. ಆರಿಂಚಿನ ಪರದೆಯಾದರೋ ಮೂಲೆಯಿಂದ ಮೂಲೆಗೆ ಆರು. ಅಗಲ ಬರೀ 3.6, ಎತ್ತರ 4.8. ಪುಟ ಕುಗ್ಗಿ ಅರ್ಧಕ್ಕಿಂತ ತುಸು ಮೇಲಾಗುತ್ತದೆ, ಒತ್ತಕ್ಷರ ಇರುವೆಸಾಲಾಗುತ್ತದೆ. ಅದೇ 10.3 ಇಂಚಿನ ಪರದೆಯಲ್ಲಿ ಡೆಮಿ ಪುಟ ಹೆಚ್ಚುಕಡಿಮೆ ಮೂಲ ಗಾತ್ರದಲ್ಲೇ ಕೂರುತ್ತದೆ. ತೂಕ ಮಾತ್ರ 400 ಗ್ರಾಂ ಆಸುಪಾಸು. ಅಂಗಾತ ಮಲಗಿ ಓದುವವರು ನಿದ್ದೆ ಬರುವ ಮುಂಚೆ ಮೂಗಿನ ವ್ಯವಸ್ಥೆ ಮಾಡಿಕೊಳ್ಳಬೇಕು.

ಚಂದಾ ಕಟ್ಟಿ ಓದುವ ಪದ್ಧತಿಯನ್ನು 2014ರ ಕಿಂಡಲ್ ಅನ್‌ಲಿಮಿಟೆಡ್ ಕಂಡುಹಿಡಿಯಿತೆಂಬ ಮತ ಇಲ್ಲಿ ಖಂಡನೀಯ. ಜಿ.ಬಿ. ಜೋಶಿಯವರು 1933ರಲ್ಲಿ ಧಾರವಾಡದಲ್ಲಿ ಶುರುಮಾಡಿದ ಮನೋಹರ ಗ್ರಂಥಮಾಲೆ ಚಂದಾದಾರರ ಮನೆಗೇ ಪುಸ್ತಕ ಕಳಿಸುತ್ತಿತ್ತು. ಅದರ ಹೆಸರಾಂತ ಅಟ್ಟವೇ ಅಂದಿನ ಕ್ಲೌಡ್. ಒಂದೇ ವ್ಯತ್ಯಾಸ: ಅಟ್ಟದವರು ಕೊಟ್ಟದ್ದನ್ನು ತಿರುಗಿ ಒಯ್ಯಲಿಲ್ಲ. 2009ರ ಜುಲೈನಲ್ಲಿ ಅಮೆಜಾನ್, ಹಕ್ಕುಸ್ವಾಮ್ಯದ ತಗಾದೆಯಿಂದ, ಗಿರಾಕಿಗಳ ಕಿಂಡಲ್‌ಗಳಿಂದ ಜಾರ್ಜ್ ಆರ್ವೆಲ್‌ನ "1984"ನ್ನೇ ಅಳಿಸಿಹಾಕಿ ದುಡ್ಡು ವಾಪಸು ಮಾಡಿತು. ನಮ್ಮ ಕಡೆ ಪುಸ್ತಕ ಕಡ ಒಯ್ದವರೂ ಹೀಗೇ ಮಾಯ ಮಾಡುತ್ತಾರೆ, ದುಡ್ಡಿನ ಮಾತೊಂದನ್ನು ಎತ್ತುವುದಿಲ್ಲ.

7. ಸಿದ್ಧಾಂತ

ಯಂತ್ರ ನೋಡಿ ಪುಸ್ತಕ ಹುಡುಕಬಾರದು, ಪುಸ್ತಕ ನೋಡಿ ಯಂತ್ರ ಕೊಳ್ಳಬೇಕು. ಇದರಿಂದ ಹುಟ್ಟುವ ವಿಧಿಗಳು:

ಇಂಗ್ಲಿಷ್ ಕಾದಂಬರಿಯ ಚಟವುಳ್ಳವನು ಆರೇಳು ಇಂಚಿನ ಕಿಂಡಲ್ ಕೊಳ್ಳಲಿ. ಇಪಬ್ ಕಡತಗಳನ್ನು ತಂತಿ ಹಚ್ಚಿ ನೇರ ಹಾಕಿಕೊಳ್ಳುವ ಹಟವಿದ್ದರೆ ಕೋಬೊ ನೋಡಲಿ.

ಹೊಸ ಕನ್ನಡ ಪುಸ್ತಕ ಬೇಕೆನ್ನುವವನು ಆಂಡ್ರಾಯ್ಡ್ ಇರುವ ಇ-ಇಂಕ್ ಯಂತ್ರ, ಅಂದರೆ ಬೂಕ್ಸ್ ಥರದ್ದು, ಕೊಂಡು ಕನ್ನಡ ಆ್ಯಪ್ ಹಾಕಿಕೊಳ್ಳಲಿ. ಆ್ಯಪ್ ಸರಿಯಾಗಿ ತೆರೆಯುತ್ತದೆಯೇ ಎಂದು ದುಡ್ಡು ಕೊಡುವ ಮುಂಚೆ ನೋಡಲಿ. ಕೆಟ್ಟರೆ ಎಲ್ಲಿ ತೋರಿಸಬೇಕೆಂದೂ ಆಗಲೇ ಕೇಳಲಿ. ಉತ್ತರದಲ್ಲಿ "ಬೆಂಗಳೂರು" ಎಂಬ ಪದ ಬಂದರೆ ಬಸ್ ಚಾರ್ಜನ್ನೂ ಬೆಲೆಗೆ ಕೂಡಿಸಲಿ.

ಹಳೆಯ ಸ್ಕ್ಯಾನ್ ಪುಸ್ತಕಗಳ ಹುಚ್ಚಿರುವವನಿಗೆ ಹತ್ತಿಂಚಿಗಿಂತ ಕಮ್ಮಿ ನಿಷಿದ್ಧ.

ಏನನ್ನೂ ಓದುವ ಇರಾದೆ ಇಲ್ಲದವನು ಎಲ್ಲಕ್ಕಿಂತ ದುಬಾರಿಯದನ್ನೇ ಕೊಳ್ಳಬಹುದು. ಓದದೆ ಇಡುವ ವಿಷಯದಲ್ಲಿ ಎಲ್ಲ ಯಂತ್ರಗಳೂ ಸಮಾನ ಸಾಮರ್ಥ್ಯದವು.

ಇವುಗಳಲ್ಲಿ ತಾನು ಯಾವ ವರ್ಗವೆಂಬ ಸಂಶಯವುಳ್ಳವನು ಊರಿನ ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ, ಅಂದರೆ ಈಗಿನ ಅರಿವು ಕೇಂದ್ರಕ್ಕೆ ಹೋಗಿ, ಕಳೆದ ವರ್ಷ ತಾನು ಎಷ್ಟು ಪುಸ್ತಕ ಒಯ್ದಿದ್ದೇನೆಂದು ಖಾತೆ ತೆಗೆಸಿ ನೋಡತಕ್ಕದ್ದು.

8. ಫಲಶ್ರುತಿ

ಈ ಚಂದ್ರಿಕೆಯನ್ನು ಓದಿ ಯಂತ್ರ ಕೊಂಡವನಿಗೆ ಹದಿನೈದು ದಿನದ ಗೃಹಶಾಂತಿ ಪ್ರಾಪ್ತವಾಗುತ್ತದೆ. ಓದಿಯೂ ಕೊಳ್ಳದವನಿಗೆ ದೊರೆಯುವ ಫಲ ಇನ್ನೂ ದೊಡ್ಡದು. 2025ರ ಏಪ್ರಿಲ್‌ನಲ್ಲಿ ಬಂದ ಏಳಿಂಚಿನ ಪೇಪರ್‌ವೈಟಿನ ಆಗಿನ ಬೆಲೆ ₹16,999. ₹250ರ ಪುಸ್ತಕವಾದರೆ ಅಷ್ಟಕ್ಕೆ 67 ಬಂದು ₹249 ಮಿಗುತ್ತದೆ. ಕಟ್ಟೆಯಲ್ಲಿ ಯಾರ ಹತ್ತಿರವಾದರೂ ಒಂದು ರೂಪಾಯಿ ಕಡ ತಂದರೆ 68. ಇ-ಪುಸ್ತಕದ ಜಿಎಸ್‌ಟಿಯನ್ನು 2018ರಲ್ಲಿ ಶೇ 18ರಿಂದ 5ಕ್ಕೆ ಇಳಿಸಿದರು, ಅಚ್ಚಿನ ಪುಸ್ತಕಕ್ಕೆ ಅದೂ ಇಲ್ಲ. ಆ 68 ಪುಸ್ತಕಗಳನ್ನು ಇಡಲು ಯಾವ ಕಪಾಟು ಕೊಳ್ಳಬೇಕೆಂಬುದು ಎರಡನೆಯ ಸಂಪುಟದ ವಿಷಯ. ಅದರ ಪೂರ್ವಪಕ್ಷವನ್ನು ಮನೆಯವರು ಈಗಾಗಲೇ ಮಂಡಿಸತೊಡಗಿದ್ದಾರೆ.