ಡಿಸ್ಕ್ ಬಿಚ್ಚುವ ಅಳಿಯ

ಕೆಟ್ಟುನಿಂತ ಹಾರ್ಡ್ ಡಿಸ್ಕಿಗೆ ಮನೆಯಲ್ಲಿ ಮಾಡಬಹುದಾದ ಅತ್ಯುತ್ತಮ ಉಪಚಾರವೆಂದರೆ ವೈರು ಕಿತ್ತು, ಬಟ್ಟೆಯಲ್ಲಿ ಸುತ್ತಿ, ಬೀರುವಿನಲ್ಲಿಟ್ಟು ಸುಮ್ಮನಾಗುವುದು. ಇದಕ್ಕೆ ಓದು ಬೇಡ, ಸಲಕರಣೆ ಬೇಡ, ಒಂದು ರೂಪಾಯಿ ಖರ್ಚಿಲ್ಲ. ಮನೆಯಲ್ಲಿ ಯಾರು ಬೇಕಾದರೂ ಮಾಡಬಹುದು. ಮಾಡಲಾರದವನು ಒಬ್ಬನೇ: ಕಂಪ್ಯೂಟರ್ ಬಲ್ಲ ಅಳಿಯ. ಅವನು ಓದಿದ್ದು ಸಿವಿಲ್ ಇಂಜಿನಿಯರಿಂಗ್ ಇರಬಹುದು, ದುಡಿಯುವುದು ವಿಮಾ ಕಚೇರಿಯಲ್ಲಿರಬಹುದು. ಮದುವೆಯ ಹೊಸತರಲ್ಲಿ ಮಾವನ ಮನೆಯ ಪ್ರಿಂಟರಿನಲ್ಲಿ ಸಿಕ್ಕಿಕೊಂಡ ಕಾಗದ ಎಳೆದುಕೊಟ್ಟ ದಿನವೇ ಅವನ ಹಣೆಬರಹ ನಿಶ್ಚಯವಾಯಿತು. ಈಗ ಕೆಟ್ಟಿರುವ ಡಿಸ್ಕಿನಲ್ಲಿ ಮೊಮ್ಮಗಳ ನಾಮಕರಣದ ಫೋಟೋಗಳಿವೆ, ಕ್ಯಾಸೆಟ್ಟಿನಿಂದ ಇಳಿಸಿಕೊಂಡ ಗೃಹಪ್ರವೇಶದ ವಿಡಿಯೊ ಇದೆ, ನಿವೃತ್ತಿಯ ನಂತರ ಮಾವನವರು ನುಡಿ ತಂತ್ರಾಂಶದಲ್ಲಿ ಟೈಪು ಮಾಡಿದ ಆತ್ಮಕಥೆ ಇದೆ. ‘ಅಳಿಯಂದ್ರೇ, ಸ್ವಲ್ಪ ಇದನ್ನ ನೋಡ್ತೀರಾ?’ ಎಂದು ಅತ್ತೆ ಕಾಫಿಯ ಜೊತೆ ಡಿಸ್ಕನ್ನೂ ತಂದಿಟ್ಟಾಗ ‘ಇದು ನನ್ನ ಕೈಲಾಗುವುದಿಲ್ಲ’ ಎನ್ನುವ ಅಳಿಯ ಕನ್ನಡನಾಡಿನಲ್ಲಿ ಇನ್ನೂ ಹುಟ್ಟಿಲ್ಲ. ಇಂಥವನನ್ನು ಅರೆಬರೆ ತಿಳಿದವನೆಂದು ಜರೆಯುವುದು ವಾಡಿಕೆ. ಅದು ಅನ್ಯಾಯ. ಅವನಿಗೆ ಸಾಕಷ್ಟು ತಿಳಿದಿದೆ. ಆದರೆ ಅವನು ಉಳಿಸಲು ಹೊರಟಿರುವುದು ಡಿಸ್ಕಿನೊಳಗಿನ ಫೋಟೋಗಳನ್ನಲ್ಲ, ಆ ಮನೆಯಲ್ಲಿ ತನಗಿರುವ ಹೆಸರನ್ನು. ಈ ಎರಡು ಕೆಲಸಗಳ ವಿಧಾನ ಒಂದಕ್ಕೊಂದು ತದ್ವಿರುದ್ಧ ಎಂಬುದೇ ಎಲ್ಲ ಅನಾಹುತಕ್ಕೂ ಮೂಲ.

ಡಿಸ್ಕಿನ ಒಳಗೆ ನಡೆಯುವುದನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಸಾಮಾನ್ಯ ಡೆಸ್ಕ್‌ಟಾಪ್ ಡಿಸ್ಕಿನ ತಟ್ಟೆ ನಿಮಿಷಕ್ಕೆ 7,200 ಸುತ್ತು ತಿರುಗುತ್ತದೆ. ಅದರ ಹೊರ ಅಂಚು ಗಂಟೆಗೆ 120 ಕಿಲೋಮೀಟರಿಗೂ ಹೆಚ್ಚಿನ ವೇಗದಲ್ಲಿರುತ್ತದೆ. ಓದುವ ಹೆಡ್ ಆ ತಟ್ಟೆಯನ್ನು ಮುಟ್ಟದೆ, ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲುತ್ತದೆ. ತಲೆಗೂದಲಿನ ದಪ್ಪ ಹತ್ತಾರು ಸಾವಿರ ನ್ಯಾನೋಮೀಟರ್. ಊದುಬತ್ತಿಯ ಹೊಗೆಯ ಕಣವೂ ಆ ಸಂದಿಯಲ್ಲಿ ಹಿಡಿಸದು. ಡಿಸ್ಕು ‘ಟಕ್, ಟಕ್’ ಎನ್ನುತ್ತಿದೆಯೆಂದರೆ ಬಹುಪಾಲು ಹೆಡ್ ಹಾಳಾಗಿ, ತಾನೆಲ್ಲಿದ್ದೇನೆಂದು ತಿಳಿಯದೆ ಮತ್ತೆ ಮತ್ತೆ ಹಿಂದಕ್ಕೆ ಬರುತ್ತಿದೆ ಎಂದರ್ಥ. ಇಂಥ ಸ್ಥಿತಿಯಲ್ಲಿ ಆನ್ ಮಾಡಿದಷ್ಟೂ ತಟ್ಟೆ ಕೆರೆದುಹೋಗುವ ಅಪಾಯವಿದೆ. ತಟ್ಟೆಯ ಮೇಲಿನ ಕಾಂತಲೇಪ ಒಮ್ಮೆ ಪುಡಿಯಾದರೆ ಯಾವ ಪ್ರಯೋಗಾಲಯವೂ ಅದನ್ನು ಮರಳಿ ಅಂಟಿಸಲಾರದು. ಅಳಿಯ ಇದನ್ನೆಲ್ಲ ಓದಿಕೊಂಡಿದ್ದಾನೆ, ಬಾಯಿಬಿಟ್ಟು ಹೇಳುತ್ತಾನೆ ಕೂಡ. ಹೇಳಿ ಮುಗಿಸುವಷ್ಟರಲ್ಲಿ ಅತ್ತೆ, ಹೆಂಡತಿ, ನಾದಿನಿ ಸುತ್ತ ನಿಂತಿರುತ್ತಾರೆ. ‘ಭಾವ, ಆಗುತ್ತಾ?’ ಎಂಬ ಪ್ರಶ್ನೆ ಬರುತ್ತದೆ. ಡಿಸ್ಕು ಆನ್ ಆಗುತ್ತದೆ. ಬೇರೆ ವೈರಿನಲ್ಲಿ, ಬೇರೆ ಪೋರ್ಟಿನಲ್ಲಿ, ಬೇರೆ ಲ್ಯಾಪ್‌ಟಾಪಿನಲ್ಲಿ, ಕೊನೆಗೆ ಎದುರುಮನೆಯವರ ಕಂಪ್ಯೂಟರಿನಲ್ಲೂ ಆಗುತ್ತದೆ.

ಮುಂದಿನದು ಫ್ರೀಜರ್. ಡಿಸ್ಕನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಹಸಿಬಟಾಣಿಯ ಪೊಟ್ಟಣದ ಪಕ್ಕ ರಾತ್ರಿಯಿಡೀ ಇಡುವ ಈ ಚಿಕಿತ್ಸೆಯನ್ನು ಶುದ್ಧ ಮೂಢನಂಬಿಕೆ ಎಂದು ತಳ್ಳಿಹಾಕುವಂತಿಲ್ಲ. ಹಿಂದಿನ ಕಾಲದ ಕೆಲವು ಡಿಸ್ಕುಗಳಲ್ಲಿ ಹೆಡ್ ತಟ್ಟೆಗೇ ಅಂಟಿ ಕೂರುತ್ತಿತ್ತು, ಬೇರಿಂಗ್ ಬಿಗಿದುಕೊಳ್ಳುತ್ತಿತ್ತು. ತಂಪಿಗೆ ಲೋಹ ಕುಗ್ಗಿಯೋ, ಪಕ್ಕಕ್ಕೆ ಕೊಟ್ಟ ಹಗುರವಾದ ಏಟಿಗೋ ಅಂಥವು ಬಿಡಿಸಿಕೊಂಡು ಒಂದಷ್ಟು ಹೊತ್ತು ಓಡಿದ್ದುಂಟು. ಆದರೆ ಇಂದಿನ ಡಿಸ್ಕುಗಳಲ್ಲಿ ಕೆಲಸವಿಲ್ಲದಾಗ ಹೆಡ್ ತಟ್ಟೆಯಿಂದಾಚೆ ಇಳಿಜಾರಿನ ಮೇಲೆ ಹೋಗಿ ಕೂರುತ್ತದೆ. ಇನ್ನೊಂದು ಸಂಗತಿ: ಬಹಳಷ್ಟು ಡಿಸ್ಕುಗಳ ಮೈಮೇಲೆ ಗಾಳಿಯಾಡಲೆಂದೇ ಒಂದು ಪುಟ್ಟ ತೂತಿರುತ್ತದೆ, ಅದನ್ನು ಮುಚ್ಚಬೇಡಿ ಎಂದು ಪಕ್ಕದಲ್ಲೇ ಬರೆದಿರುತ್ತದೆ. ತಣ್ಣಗಾದ ಡಿಸ್ಕು ನಮ್ಮ ಹವೆಗೆ ಬಂದೊಡನೆ ಒಳಗೂ ಹೊರಗೂ ಬೆವರಬಹುದು. ಆ ಬೆವರಿನ ಮೇಲೆ ಹೆಡ್ ಓಡಬೇಕು. ಮಂಗಳೂರಿನ ಜುಲೈ ತಿಂಗಳಿನಲ್ಲಿ ಈ ಪ್ರಯೋಗ ಮಾಡುವವನ ಧೈರ್ಯವನ್ನು ಮೆಚ್ಚಲೇಬೇಕು. ಇಷ್ಟಾದ ಮೇಲೂ ಫ್ರೀಜರ್ ಚಿಕಿತ್ಸೆ ಏಕೆ ಬದುಕಿದೆಯೆಂದರೆ, ಮನೆಮಂದಿಗೆ ಅದು ಕಾಣುತ್ತದೆ. ಐಸ್‌ಕ್ರೀಂ ತೆಗೆಯಲು ಬಾಗಿಲು ತೆರೆದಾಗಲೆಲ್ಲ ‘ಅಳಿಯಂದ್ರು ಏನೋ ಮಾಡ್ತಿದ್ದಾರೆ’ ಎಂಬ ಭರವಸೆ ತಣ್ಣಗೆ ಅಲ್ಲಿ ಕೂತಿರುತ್ತದೆ.

ಕೊನೆಯ ಘಟ್ಟ ಸ್ಕ್ರೂಡ್ರೈವರಿನದು. ಡಿಸ್ಕಿನ ಮುಚ್ಚಳಕ್ಕೆ ನಕ್ಷತ್ರದಾಕಾರದ ತಲೆಯುಳ್ಳ ಸ್ಕ್ರೂಗಳನ್ನು ಹಾಕಿರುತ್ತಾರೆ, ಕೆಲವನ್ನು ಲೇಬಲಿನ ಅಡಿಯಲ್ಲಿ ಬಚ್ಚಿಟ್ಟಿರುತ್ತಾರೆ. ‘ದಯವಿಟ್ಟು ತೆರೆಯಬೇಡಿ’ ಎಂಬುದನ್ನು ಇದಕ್ಕಿಂತ ಮರ್ಯಾದೆಯಿಂದ ಹೇಳಲು ಸಾಧ್ಯವಿಲ್ಲ. ಅಳಿಯ ಅದನ್ನು ಸವಾಲೆಂದು ತಿಳಿಯುತ್ತಾನೆ. ಮುಚ್ಚಳ ತೆಗೆದಾಗ ಕಾಣುವ ಕನ್ನಡಿಯಂಥ ತಟ್ಟೆ ನಿಜಕ್ಕೂ ಸುಂದರ. ಸುತ್ತಲಿದ್ದವರೆಲ್ಲ ಬಗ್ಗಿ ಮುಖ ನೋಡಿಕೊಳ್ಳುತ್ತಾರೆ, ಒಬ್ಬರು ಊದುತ್ತಾರೆ, ಇನ್ನೊಬ್ಬರು ಧೂಳಿದೆಯೆಂದು ಸೆರಗಿನಿಂದ ಒರೆಸಲು ಬರುತ್ತಾರೆ. ಇದಕ್ಕೆದುರಾಗಿ ಇನ್ನೊಂದು ಡಿಸ್ಕಿನ ಕತೆ ಕೇಳಿ. 2003ರ ಫೆಬ್ರುವರಿ 1ರಂದು ಕಲ್ಪನಾ ಚಾವ್ಲಾ ಅವರಿದ್ದ ಕೊಲಂಬಿಯಾ ಬಾಹ್ಯಾಕಾಶ ನೌಕೆ ಆಕಾಶದಲ್ಲೇ ಒಡೆದು ಚೂರಾಯಿತಷ್ಟೆ. ಅದರಲ್ಲಿದ್ದ ಒಂದು ಹಾರ್ಡ್ ಡಿಸ್ಕು ಸುಟ್ಟು ಕರಕಲಾಗಿ ಟೆಕ್ಸಾಸಿನಲ್ಲಿ ಸಿಕ್ಕಿತು. ತಜ್ಞರು ಅದರಿಂದ ಶೇಕಡಾ 99ರಷ್ಟು ಮಾಹಿತಿ ಹೊರತೆಗೆದರು. ಆ ಡಿಸ್ಕಿನಲ್ಲಿದ್ದ ಪ್ರಯೋಗದ ಫಲಿತಾಂಶ 2008ರಲ್ಲಿ ಪ್ರಕಟವಾಯಿತು. ಆಕಾಶದಿಂದ ಬಿದ್ದರೂ ಉಳಿಯುವ ವಸ್ತು ಮನೆಯ ಊಟದ ಮೇಜಿನ ಮೇಲೆ ಸಾಯುವುದು ಹೇಗೆ? ಆ ಡಿಸ್ಕಿಗೆ ಬಿದ್ದ ಜಾಗದಲ್ಲಿ ಸುಮ್ಮನೆ ಬಿದ್ದಿರುವ ಭಾಗ್ಯವಿತ್ತು. ತಜ್ಞರ ಕೈ ಸೇರುವವರೆಗೆ ಅದನ್ನು ಯಾರೂ ನಾಲ್ಕು ಲ್ಯಾಪ್‌ಟಾಪಿಗೆ ಚುಚ್ಚಿ ನೋಡಲಿಲ್ಲ.

‘ಅವನಿಂದ ಎಷ್ಟೋ ಡಿಸ್ಕು ಸರಿಹೋಗಿವೆಯಲ್ಲ?’ ಎಂದು ಅಳಿಯನ ಪಕ್ಷದವರು ಕೇಳಬಹುದು. ಹೌದು, ಹೋಗಿವೆ. ಆದರೆ ಅವು ಎಂಥ ಡಿಸ್ಕುಗಳೆಂದು ನೋಡಬೇಕು. ಕೆಲವುಗಳಲ್ಲಿ ಕೆಟ್ಟಿದ್ದು ವೈರು ಅಥವಾ ಹೊರಗಿನ ಡಬ್ಬಿ. ಕೆಲವಕ್ಕೆ ಯಾರೋ ಲ್ಯಾಪ್‌ಟಾಪಿನ ಚಾರ್ಜರ್ ಚುಚ್ಚಿದ್ದರಿಂದ, ರಕ್ಷಣೆಗೆಂದೇ ಇಟ್ಟ ಚಿಕ್ಕ ಡಯೋಡು ತಾನು ಸುಟ್ಟು ಉಳಿದದ್ದನ್ನು ಕಾಪಾಡಿತ್ತು. ಅದನ್ನು ಕಿತ್ತರೆ ಡಿಸ್ಕು ಎದ್ದಿತು. ಇನ್ನು ಕೆಲವುಗಳಲ್ಲಿ ಫೈಲು ಡಿಲೀಟ್ ಆಗಿತ್ತಷ್ಟೆ. ಡಿಲೀಟ್ ಮಾಡಿದರೆ ಪಟ್ಟಿಯಿಂದ ಹೆಸರು ಅಳಿಯುತ್ತದೆಯೇ ಹೊರತು, ಬೇರೇನಾದರೂ ಬಂದು ಕೂರುವವರೆಗೆ ಒಳಗಿನ ಸರಕು ಅಲ್ಲೇ ಇರುತ್ತದೆ. ಇವಾವುವೂ ಸತ್ತ ಡಿಸ್ಕುಗಳಲ್ಲ. ಬದುಕಿದ್ದವನ್ನು ಎಬ್ಬಿಸಿ ಗಳಿಸಿದ ಕೀರ್ತಿಯೇ ಮುಂದೆ ನಿಜವಾಗಿ ಸಾಯುತ್ತಿರುವ ಡಿಸ್ಕಿನ ಮೇಲೆ ಕೈಯಿಡುವ ಪರವಾನಗಿಯಾಗುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಅದೇ ಮಾದರಿಯ ಹಳೆಯ ಡಿಸ್ಕು ತಂದು ಹಸಿರು ಬೋರ್ಡು ಬದಲಾಯಿಸುವ ಸಾಹಸವೂ ಇದೇ ಧೈರ್ಯದ್ದು. ಹಿಂದೆ ಅದು ಫಲಿಸುತ್ತಿತ್ತು. ಈಗ ಆಯಾ ಡಿಸ್ಕಿನ ಅಳತೆ-ಹೊಂದಾಣಿಕೆಗಳು ಬೋರ್ಡಿನ ಒಂದು ಚಿಪ್ಪಿನಲ್ಲಿ ಬರೆದಿರುವುದರಿಂದ, ಆ ಚಿಪ್ಪನ್ನೂ ಬಿಡಿಸಿ ಕೂರಿಸದಿದ್ದರೆ ಬೋರ್ಡು ತಂದದ್ದಷ್ಟೇ ಬಂತು.

ಹಣದ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಶುದ್ಧಗಾಳಿಯ ಕೋಣೆಯಲ್ಲಿ ಹೆಡ್ ಬದಲಿಸಿ ಮಾಹಿತಿ ತೆಗೆಯುವವರು ಹತ್ತಾರು ಸಾವಿರ ರೂಪಾಯಿ ಕೇಳುತ್ತಾರೆ. ಪಿಂಚಣಿಯ ಮನೆಯಲ್ಲಿ ಅದು ಸಣ್ಣ ಮೊತ್ತವಲ್ಲ. ‘ಹೇಗೂ ಹೋದದ್ದು, ಒಂದು ಕೈ ನೋಡೋಣ’ ಎನ್ನುವುದರಲ್ಲಿ ತಪ್ಪೇನು? ಒಪ್ಪಿದೆ, ಆದರೆ ಅರ್ಧ. ಅಷ್ಟು ಬೆಲೆಬಾಳದ ಡಿಸ್ಕಾದರೆ ಧಾರಾಳವಾಗಿ ನೋಡಲಿ. ಡಿಸ್ಕು ಸದ್ದಿಲ್ಲದೆ ತಿರುಗುತ್ತಿದ್ದು ಅಲ್ಲಲ್ಲಿ ಮಾತ್ರ ಓದಲಾಗದಿದ್ದರೆ ಮನೆಯಲ್ಲೇ ಮಾಡಬಹುದಾದ ಸರಿಯಾದ ಕೆಲಸವೂ ಇದೆ: ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶ ಮೊದಲು ಸುಲಭವಾಗಿ ಸಿಗುವುದನ್ನೆಲ್ಲ ಇನ್ನೊಂದು ಡಿಸ್ಕಿಗೆ ನಕಲು ಮಾಡಿ, ಹಟಮಾರಿ ಜಾಗಗಳಿಗೆ ಆಮೇಲೆ ಬರುತ್ತದೆ, ಮುಂದಿನ ಶೋಧವೆಲ್ಲ ನಕಲಿನ ಮೇಲೆ. ಅಳಿಯ ಇದನ್ನು ಮಾಡುವುದಿಲ್ಲ, ಏಕೆಂದರೆ ಕಪ್ಪು ಪರದೆಯ ಮೇಲೆ ಅಂಕಿಗಳು ಗಂಟೆಗಟ್ಟಲೆ ಆಮೆಯ ಹಾಗೆ ತೆವಳುವುದನ್ನು ನಾದಿನಿಗೆ ತೋರಿಸುವುದು ಹೇಗೆ? ಅವನು ವಿಂಡೋಸಿನ ಚೆಕ್‌ಡಿಸ್ಕ್ ಓಡಿಸುತ್ತಾನೆ. ಅದು ‘ಸರಿಪಡಿಸುವ’ ಹುಮ್ಮಸ್ಸಿನಲ್ಲಿ ಸಾಯುತ್ತಿರುವ ಡಿಸ್ಕಿನ ಮೇಲೆಯೇ ಬರೆಯತೊಡಗುತ್ತದೆ. ‘ಹೇಗೂ ಹೋದದ್ದು’ ಎಂಬ ಮಾತಂತೂ ಬಿಚ್ಚುವವರೆಗೆ ಸುಳ್ಳು. ಬೀರುವಿನಲ್ಲಿರುವ ಡಿಸ್ಕು ಹಸಿವು ಎನ್ನುವುದಿಲ್ಲ. ಈ ವರ್ಷ ಹಣವಿಲ್ಲದಿದ್ದರೆ ಮಗನ ಬೋನಸ್ಸು ಬಂದ ವರ್ಷ ಕಳಿಸಬಹುದು.

ಅಪರೂಪಕ್ಕೆ ಅವನು ಗೆಲ್ಲುತ್ತಾನೆ, ಆಗಲೂ ವಿಚಿತ್ರವೇ. ಫೋಟೊರೆಕ್‌ನಂಥ ತಂತ್ರಾಂಶ ಫೈಲಿನ ಒಳರೂಪವನ್ನು ಗುರುತಿಸಿ ಹೆಕ್ಕುವುದರಿಂದ ಹೆಸರುಗಳೂ ಫೋಲ್ಡರುಗಳೂ ಉಳಿಯುವುದಿಲ್ಲ; ಸಾವಿರಾರು ಚಿತ್ರಗಳು ಬರಿಯ ಸಂಖ್ಯೆಗಳಾಗಿ ಬಂದು ಬೀಳುತ್ತವೆ. ಅವುಗಳಲ್ಲಿ ನಾಮಕರಣದ ಫೋಟೋ ಇದೆ, ಜಾಲತಾಣಗಳಿಂದ ತಾನಾಗಿ ಬಂದು ಸೇರಿದ್ದ ಸೀರೆ ಜಾಹೀರಾತುಗಳೂ ಇವೆ. ಆತ್ಮಕಥೆಯನ್ನು ತೆರೆದರೆ ಪರದೆಯ ತುಂಬ ಅರ್ಥವಿಲ್ಲದ ರೋಮನ್ ಅಕ್ಷರಗಳು. ‘ಡೇಟಾ ಕರಪ್ಟ್ ಆಗಿದೆ’ ಎಂದು ಅಳಿಯ ಗಂಭೀರವಾಗಿ ತೀರ್ಪು ಕೊಡುತ್ತಾನೆ. ಏನೂ ಆಗಿರುವುದಿಲ್ಲ. ಯೂನಿಕೋಡ್ ಅಲ್ಲದ ಹಳೆಯ ನುಡಿಯಲ್ಲಿ ಬರೆದ ಕಡತಕ್ಕೆ ಅದೇ ಫಾಂಟು ಬೇಕು, ಹೊಸ ಲ್ಯಾಪ್‌ಟಾಪಿನಲ್ಲಿ ಅದಿಲ್ಲ, ಅಷ್ಟೆ. ಮಾವನವರ ಬಾಲ್ಯ, ವರ್ಗಾವಣೆಗಳು, ಮೇಲಧಿಕಾರಿಯ ಮೇಲಿನ ಹದಿನಾಲ್ಕು ಪುಟದ ಸಿಟ್ಟು ಎಲ್ಲ ಸುರಕ್ಷಿತವಾಗಿ ಕಸದಬುಟ್ಟಿಗೆ ಹೋಗುತ್ತವೆ.

ಇಷ್ಟಾದರೂ ಮನೆಯವರು ಅವನನ್ನು ದೂರುವುದಿಲ್ಲ. ದೂರಿದ್ದರೆ ಈ ಪೀಳಿಗೆ ಎಂದೋ ಅಳಿದಿರುತ್ತಿತ್ತು. ‘ಪಾಪ, ಮೂರು ದಿನ ನಿದ್ದೆಗೆಟ್ಟರು’ ಎನ್ನುತ್ತಾರೆ ಅತ್ತೆ. ವೈರು ಕಿತ್ತು ಬೀರುವಿನಲ್ಲಿಡಿ ಎಂದಿದ್ದ ಕಿರಿಯ ಅಳಿಯನ ವಿಚಾರದಲ್ಲಿ ಅವರ ಅಭಿಪ್ರಾಯ ಬೇರೆ: ‘ಅವರೋ, ಕೈಲಿ ಮುಟ್ಟಿಯೂ ನೋಡಲಿಲ್ಲ.’ ಡಿಸ್ಕಿನೊಳಗಿದ್ದ ಬಲವಾದ ಆಯಸ್ಕಾಂತಗಳು ಮಾತ್ರ ಪೂರ್ತಿ ಕೈಗೆ ಸಿಕ್ಕವು. ಈಗ ಅವು ಫ್ರಿಜ್ಜಿನ ಬಾಗಿಲಲ್ಲಿ ಹಾಲಿನ ಲೆಕ್ಕದ ಚೀಟಿ ಹಿಡಿದುಕೊಂಡಿವೆ. ಎದುರುಮನೆಯವರು ಅದನ್ನು ನೋಡಿ, ತಮ್ಮದೂ ಒಂದು ಡಿಸ್ಕು ಯಾಕೋ ಸದ್ದು ಮಾಡುತ್ತಿದೆ, ನಿಮ್ಮ ಅಳಿಯಂದ್ರು ಮುಂದಿನ ಸಲ ಯಾವಾಗ ಬರ್ತಾರೆ ಎಂದು ವಿಚಾರಿಸಿ ಹೋಗಿದ್ದಾರೆ.