ಅಧ್ಯಕ್ಷರು ಮಲಗಿದ್ದಾರೆ

ಗಂಡಸರು ಅಧ್ಯಕ್ಷರಾಗಿರೋ ಮನೆಗೆ ಮಧ್ಯಾಹ್ನ ಎರಡು ಗಂಟೆಗೆ ಹೋಗಿ ನೋಡಿ. ಜಗಲಿಯಲ್ಲೇ ಯಾರಾದರೂ ತಡೆದು, "ಊಟ ಮಾಡಿ ಈಗಷ್ಟೇ ಅಡ್ಡಾಗಿದ್ದಾರೆ, ನಾಲ್ಕು ಗಂಟೆಗೆ ಬನ್ನಿ" ಅಂತಾರೆ. ಬಂದವರು ಬೇಜಾರಿಲ್ಲದೆ ವಾಪಸ್ ಹೋಗ್ತಾರೆ. ಪಾಪ, ಊರ ಕೆಲಸ ಅಂತ ಎಷ್ಟು ಓಡಾಡ್ತಾರೋ ಅಂತ ದಾರಿಯಲ್ಲಿ ಅಂದುಕೊಳ್ಳೋದೂ ಉಂಟು. ಹೆಂಗಸು ಅಧ್ಯಕ್ಷೆಯಾಗಿರೋ ಮನೆಯಲ್ಲಿ ಆ ಮಾತು ಹೇಳುವವರೇ ಇಲ್ಲ. ಅತ್ತೆಗೆ ನಾಚಿಕೆ, ಗಂಡನಿಗೆ ಮುಜುಗರ, ಹಾಗೆ ಹೇಳಬಹುದು ಅನ್ನೋದು ಸೊಸೆಗೆ ಹೊಳೆಯೋದೇ ಇಲ್ಲ. "ಕೂತ್ಕೊಳ್ಳಿ, ಬಂದ್ರು" ಅಂತ ಹೇಳಿ ಒಳಗೆ ಹೋಗಿ ಎಬ್ಬಿಸ್ತಾರೆ.

ನಮ್ಮ ಪಕ್ಕದ ಮನೆ ಅಕ್ಕ ಗ್ರಾಮ ಪಂಚಾಯಿತಿ ಅಧ್ಯಕ್ಷರು. ಸಂಜೆ ದಾಸವಾಳದ ಬೇಲಿಯ ಆಚೆ ಅವರು, ಈಚೆ ನಾನು ನಿಂತರೆ ಮಾತು ಎಲ್ಲೆಲ್ಲೋ ಸುತ್ತಿ ಕೊನೆಗೆ ಇಲ್ಲಿಗೇ ಬರುತ್ತೆ. "ನಾನು ಮಲಗಿದೀನಿ ಅಂದ್ರೆ ಜನ ಏನಂತಾರೆ ಗೊತ್ತೇನೇ? ಮೀಸಲಾತಿಲಿ ಬಂದೋಳು, ಮಲಗದೆ ಇನ್ನೇನು ಮಾಡ್ತಾಳೆ ಅಂತಾರೆ" ಅನ್ನೋದು ಅವರ ವಾದ.

ಮೀಸಲಾತಿ ಅನ್ನೋದೇನು ಇವತ್ತು ನೆನ್ನೆ ಬಂದದ್ದಾ? 1983ರ ಕಾಯ್ದೆಯಲ್ಲೇ ನಮ್ಮ ರಾಜ್ಯದ ಪಂಚಾಯಿತಿಗಳಲ್ಲಿ ಹೆಂಗಸರಿಗೆ ನಾಲ್ಕನೇ ಒಂದು ಪಾಲು ಇತ್ತು. 1987ರ ಚುನಾವಣೆಯಲ್ಲಿ ಅದು ಜಾರಿಗೂ ಬಂತು. ಆಮೇಲೆ ಅದು ಮೂರನೇ ಒಂದಾಯಿತು, 2010ರಲ್ಲಿ ಅರ್ಧ ಆಯಿತು. ಅಜ್ಜಿ, ಅಮ್ಮ, ಮಗಳು ಮೂವರೂ ಸದಸ್ಯರಾಗಿರೋಕೆ ಸಾಲುವಷ್ಟು ಕಾಲ ಕಳೆದಿದೆ. ಇಷ್ಟಾದರೂ ಕುರ್ಚಿಯಲ್ಲಿ ಕೂತ ಪ್ರತಿ ಹೆಂಗಸೂ ತಾನು ಅದಕ್ಕೆ ತಕ್ಕವಳು ಅಂತ ದಿನಾ ಬೆಳಗ್ಗೆ ಎದ್ದು ಹೊಸದಾಗಿ ತೋರಿಸಬೇಕು ಅಂದರೆ ನನಗೆ ಸಿಟ್ಟು ಬರುತ್ತೆ.

ಕುರ್ಚಿ ಅರ್ಧ ಬಂತು, ಮನೆಗೆಲಸ ಅರ್ಧ ಆಗಲಿಲ್ಲ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆ ನೋಡಿ. ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷ ಕೊಡ್ತಾರೆ, ಗಂಡಸರು 88. ಗಂಡಸರ ಆ 88 ಕೂಡ ಮನೆಗೆಲಸಕ್ಕೆ ಕೈ ಹಾಕುವವರ ಲೆಕ್ಕ. ಹಾಕದವರು ಅದರಲ್ಲಿ ಇಲ್ಲವೇ ಇಲ್ಲ. ಅಕ್ಕನಿಗೆ ಇದನ್ನು ಓದಿ ಹೇಳಿದಾಗ ಅವರು ಬೆರಳು ಮಡಿಸಿ ಎಣಿಸಿದರು. ರೊಟ್ಟಿ, ಹಟ್ಟಿ, ನೀರು, ಅತ್ತೆಯ ಮಾತ್ರೆ. "ನಂದು ಇನ್ನೂ ಜಾಸ್ತಿನೇ ಇದೆ ಬಿಡು" ಅಂದರು.

ಆದರೆ ಒಂದು ಮಾತು. ಅಕ್ಕ ಸುಸ್ತಾಗೋದು ಕೆಲಸದಿಂದಲ್ಲ. ಹೊಲದಲ್ಲಿ ಕಳೆ ಕಿತ್ತ ದಿನವೂ ರಾತ್ರಿ ಬೇಲಿ ಹತ್ತಿರ ನಿಂತು ನಗುನಗುತ್ತಾ ಮಾತಾಡ್ತಾರೆ. ಅವರ ಮುಖ ಬಾಡೋದು ಬೇರೆ ದಿನಗಳಲ್ಲಿ. ಬೀದಿ ದೀಪ ಕೆಟ್ಟಿದೆ ಅಂತ ರಾತ್ರಿ ಹನ್ನೊಂದಕ್ಕೆ ಬಂದ ಫೋನನ್ನೂ ಎತ್ತಿದ ದಿನ, ಕರೆದ ನಾಮಕರಣಕ್ಕೆಲ್ಲ ಹೋಗಿ ಬಂದ ದಿನ, ಯಾರೋ ಸದಸ್ಯರು ಮುಖ ಗಂಟು ಹಾಕಿಕೊಂಡರು ಅಂತ ಸಭೆಯಲ್ಲಿ ತೀರ್ಮಾನಿಸಿದ್ದನ್ನು ಮನಸ್ಸಲ್ಲೇ ಹತ್ತು ಸಲ ತಿರುವಿ ಹಾಕಿದ ದಿನ. ತಾನು ಮಾಡಿದ್ದು ಸರಿ ಅಂತ ತನಗೇ ಗಟ್ಟಿಯಾಗಿ ಅನ್ನಿಸದಿದ್ದರೆ ಮಲಗಿದರೂ ಅದು ವಿಶ್ರಾಂತಿಯಲ್ಲ.

ಆ ಗಟ್ಟಿತನ ಅವರಿಗೆ ಬಂದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಪಂಚಾಯಿತಿಯಲ್ಲಿ ದುಡ್ಡು ಪಾವತಿ ಆಗಬೇಕಾದರೆ ಪಿಡಿಒ, ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಮತ್ತು ಅಧ್ಯಕ್ಷರು ಇಬ್ಬರೂ ಒಪ್ಪಬೇಕು. ಅದಕ್ಕೆ ಪೆನ್‌ಡ್ರೈವ್ ಥರದ ಡಿಜಿಟಲ್ ಕೀ ಇರುತ್ತೆ. ಎಷ್ಟೋ ಕಡೆ ಅಧ್ಯಕ್ಷೆಯ ಕೀ ಗಂಡನ ಜೇಬಲ್ಲೋ ಆಫೀಸಿನ ಡ್ರಾಯರಲ್ಲೋ ಇರುತ್ತೆ. ಅಕ್ಕ ಅದನ್ನು ಬೀರುವಿನ ಬೀಗದ ಕೈ ಗೊಂಚಲಿಗೆ ಸೇರಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ನಡಾವಳಿ ಪುಸ್ತಕವನ್ನು ಸಾಲಿನ ಕೆಳಗೆ ಬೆರಳಿಟ್ಟು, ತುಟಿ ಅಲ್ಲಾಡಿಸುತ್ತಾ, ಎರಡು ಸಲ ಓದದೆ ಸಹಿ ಹಾಕಲ್ಲ. ಒಮ್ಮೆ ಚರಂಡಿ ಕಾಮಗಾರಿಯ ಬಿಲ್ಲು ಬಂದಾಗ ಅಳತೆ ಪುಸ್ತಕದಲ್ಲಿ ಬರೆದಷ್ಟು ಉದ್ದ ಇದೆಯಾ ಅಂತ ನೀರುಗಂಟಿಯ ಕೈಗೆ ಟೇಪಿನ ಒಂದು ತುದಿ ಕೊಟ್ಟು, ಇನ್ನೊಂದು ತುದಿ ತಾವೇ ಹಿಡಿದು, ಸೀರೆ ಎತ್ತಿ ಕಟ್ಟಿ ಬೀದಿ ಉದ್ದಕ್ಕೂ ಅಳೆದರು. ಅಳತೆ ಸರಿಯಾಗೇ ಇತ್ತು. ಕಂಟ್ರಾಕ್ಟರ್ ನಕ್ಕ. ಅಕ್ಕನಿಗೆ ಒಂಚೂರೂ ಅವಮಾನ ಅನ್ನಿಸಲಿಲ್ಲ. ಸರಿ ಇದೆ ಅಂತ ಈಗ ನನಗೆ ಗೊತ್ತಾಯ್ತಲ್ಲ ಅಂತ ಸಹಿ ಹಾಕಿ ಮನೆಗೆ ಬಂದರು. ಆ ಮಧ್ಯಾಹ್ನ ಬಾಗಿಲು ಹಾಕಿಕೊಂಡು ಮಲಗಿದವರು ಹಸು ಕೂಗಿದ ಮೇಲೇ ಎದ್ದದ್ದು. ಕಳ್ಳನನ್ನು ಹಿಡಿದಿದ್ದರೆ ಊರೆಲ್ಲ ಹೊಗಳುತ್ತಿತ್ತು. ಇಲ್ಲಿ ಹೊಗಳೋರು ಯಾರೂ ಇರಲಿಲ್ಲ, ಆದರೂ ನಿದ್ದೆ ಬಂತು.

ಅಕ್ಕನಿಗೆ ಆಸೆಗಳೇನೂ ಕಡಿಮೆ ಇಲ್ಲ. ಜಿಲ್ಲಾ ಪಂಚಾಯಿತಿಗೆ ನಿಲ್ಲಬೇಕು ಅಂತಿದೆ. ಇದನ್ನು ಅವರು ನನಗೆ ಹೇಳಿದ್ದು ದನಿ ತಗ್ಗಿಸಿ, ಏನೋ ತಪ್ಪು ಮಾತು ಆಡಿದವರ ಹಾಗೆ. ಗಂಡಸರು ಟೀ ಅಂಗಡಿಯಲ್ಲಿ ಕೂತು ಎಂಎಲ್‌ಎ ಆಗ್ತೀನಿ ಅಂತ ಗಟ್ಟಿಯಾಗಿ ಹೇಳ್ತಾರೆ, ಯಾರೂ ತಿರುಗಿ ನೋಡಲ್ಲ. ಹೆಂಗಸಿಗೆ ಮೇಲೆ ಹೋಗೋ ಆಸೆ ಇದ್ದರೆ ಹಗಲೂ ರಾತ್ರಿ ದುಡಿದು ತೋರಿಸಲಿ, ವಿಶ್ರಾಂತಿ ಬೇಕಿದ್ದರೆ ಆಸೆ ಬಿಟ್ಟು ಮನೇಲಿರಲಿ ಅನ್ನೋ ಲೆಕ್ಕಾಚಾರವನ್ನು ನಾನು ಒಪ್ಪೋದಿಲ್ಲ. ಎರಡೂ ಒಬ್ಬಳಿಗೇ ಬೇಕಾಗಿರುತ್ತೆ.

ನ್ಯೂಜಿಲೆಂಡಿನ ಜೆಸಿಂಡಾ ಆರ್ಡರ್ನ್ ಕಥೆಯನ್ನು ಅಕ್ಕನಿಗೆ ಹೇಳಿದ್ದೆ. ಆಕೆ 2017ರಲ್ಲಿ, 37ನೇ ವಯಸ್ಸಿಗೆ ಪ್ರಧಾನಿಯಾದರು. ಮರುವರ್ಷ ಅಧಿಕಾರದಲ್ಲಿರುವಾಗಲೇ ಹೆತ್ತು, ಉಪಪ್ರಧಾನಿಗೆ ಹೊಣೆ ಕೊಟ್ಟು ಆರು ವಾರ ರಜೆ ಮೇಲಿದ್ದರು. 2023ರ ಜನವರಿಯಲ್ಲಿ, ಈ ಕೆಲಸಕ್ಕೆ ಬೇಕಾದಷ್ಟು ಶಕ್ತಿ ನನ್ನಲ್ಲಿ ಉಳಿದಿಲ್ಲ ಅಂತ ನೇರವಾಗಿ ಹೇಳಿ ರಾಜೀನಾಮೆ ಕೊಟ್ಟರು. ಅಕ್ಕ ಬಹಳ ಹೊತ್ತು ಯೋಚಿಸಿ, "ಬಿಟ್ಟಿದ್ದು ನಂಗೆ ಹಿಡಿಸಲಿಲ್ಲ ಕಣೇ. ಆದ್ರೆ ಆರು ವಾರ ಇನ್ನೊಬ್ಬರ ಕೈಗೆ ಕೊಟ್ಟು ವಾಪಸ್ ಬಂದ್ಳಲ್ಲ, ಅದು ಹಿಡಿಸ್ತು" ಅಂದರು. ನನಗೆ ಎರಡೂ ಒಂದೇ ಧೈರ್ಯದ ಕೆಲಸ ಅನ್ನಿಸುತ್ತೆ. ಈ ವಿಷಯದಲ್ಲಿ ನಮ್ಮಿಬ್ಬರಿಗೂ ಇನ್ನೂ ಒಪ್ಪಂದವಾಗಿಲ್ಲ.

ಇನ್ನೊಬ್ಬರ ಕೈಗೆ ಕೊಡೋ ದಾರಿ ನಮ್ಮ ಕಾಯ್ದೆಯಲ್ಲೂ ಇದೆ. ಅಧ್ಯಕ್ಷರು ಇಲ್ಲದಾಗ ಉಪಾಧ್ಯಕ್ಷರು ನಡೆಸಬಹುದು. ಆದರೆ ನಮ್ಮಲ್ಲಿ ಹೆಂಗಸರ ರಜೆಗೆ ಮಗಳ ಬಾಣಂತನ, ಮಾವನ ಆಪರೇಷನ್, ನಾದಿನಿಯ ಮದುವೆ, ಹೀಗೆ ಏನಾದರೊಂದು ಕಾರಣ ಬೇಕು. ಅಂದರೆ ಒಂದು ಕೆಲಸಕ್ಕೆ ರಜೆ ಹಾಕಿ ಇನ್ನೊಂದು ಕೆಲಸಕ್ಕೆ ಹೋಗಬೇಕು. ಸುಸ್ತಾಗಿದೆ, ಎರಡು ದಿನ ತವರಲ್ಲಿ ಇದ್ದು ಬರ್ತೀನಿ ಅನ್ನೋದನ್ನು ಕಾರಣ ಅಂತ ಯಾರೂ ಬರೆದುಕೊಳ್ಳೋದಿಲ್ಲ. ಹೋದ ಶ್ರಾವಣದಲ್ಲಿ ಅಕ್ಕ ಹಾಗೇ ಹೇಳಿ ಹೋದರು. ಉಪಾಧ್ಯಕ್ಷೆ ಇನ್ನೂ ಚಿಕ್ಕ ಹುಡುಗಿ, ಹೆದರಿಕೊಂಡೇ ಒಪ್ಪಿಕೊಂಡಳು. ಅಷ್ಟರಲ್ಲೇ ಬೋರ್‌ವೆಲ್ ಮೋಟಾರ್ ಸುಟ್ಟು ಹೋಯಿತು. ಅವಳು ಟ್ಯಾಂಕರ್ ತರಿಸಿ, ಮೋಟಾರ್ ಬಿಚ್ಚಿಸಿ ರಿವೈಂಡಿಂಗಿಗೆ ಕಳಿಸಿದ ಮೇಲೆ ಅಕ್ಕನಿಗೆ ಫೋನ್ ಮಾಡಿ ವಿಷಯ ತಿಳಿಸಿದಳು. ಮೊದಲೇ ಯಾಕೆ ಹೇಳಲಿಲ್ಲ ಅಂತ ಅಕ್ಕ ರೇಗಲಿಲ್ಲ. ತನ್ನ ಮೇಲೆ ನಂಬಿಕೆ ಇದ್ದವರಿಗೆ ಮಾತ್ರ ಅದು ಸಾಧ್ಯ ಅಂತ ನಾನು ತಿಳಿದಿದ್ದೇನೆ.

ಈಗ ಅವರ ತಲೆಯಲ್ಲಿರೋದು ಕೂಸಿನ ಮನೆ. ಕೂಲಿಗೆ ಹೋಗೋ ತಾಯಂದಿರ ಪುಟ್ಟ ಮಕ್ಕಳನ್ನು ನೋಡಿಕೊಳ್ಳೋಕೆ 4,000 ಪಂಚಾಯಿತಿಗಳಲ್ಲಿ ತೆರೀತೀವಿ ಅಂತ ಸರ್ಕಾರ 2023ರಲ್ಲಿ ಹೇಳಿತ್ತಲ್ಲ, ಅದು. ನಮ್ಮೂರ ಹಳೇ ಶಾಲೆ ಕೊಠಡಿಗೆ ಸುಣ್ಣ ಬಳಿಸಿ ಕೊಟ್ಟರೆ ಆಗುತ್ತೆ ಅಂತ ಅವರ ಲೆಕ್ಕ. ಮಹಿಳಾ ಗ್ರಾಮಸಭೆಯಲ್ಲಿ ಇದನ್ನು ಎತ್ತಿ ಅಂದೆ. "ಬರೆದು ಇಟ್ಟಾಯ್ತು. ಮಕ್ಕಳನ್ನು ಬಿಟ್ಟು ಬಂದ ಅಮ್ಮಂದಿರು ಎರಡು ಗಳಿಗೆ ಕಾಲು ಚಾಚೋಕೆ ಅಲ್ಲೇ ಒಂದು ಚಾಪೆ ಹಾಕ್ಸೋಣ ಅಂತಲೂ ಬರ್ದಿದೀನಿ. ಯಾರಾದ್ರೂ ನಗಾಡ್ತಾರೆ, ನೀನು ಮುಂದಿನ ಸಾಲಲ್ಲಿ ಕೂತು ಹೂಂ ಅನ್ನು" ಅಂದರು.